ನೆಂಟರಿಗೆ ಪುಣೆ ತೋರಿಸುವುದು

ಪುಣೆಯಲ್ಲಿ ಮನೆ ಮಾಡಿದ ಕನ್ನಡಿಗನಿಗೆ ಎರಡು ಉದ್ಯೋಗ. ಒಂದು ಸಂಬಳ ಕೊಡುವಂಥದ್ದು, ಇನ್ನೊಂದು ಊರಿನಿಂದ ಬಂದವರಿಗೆ ಪುಣೆ ತೋರಿಸುವುದು. ಮೊದಲನೆಯದರಿಂದ ನನಗೆ ನಿವೃತ್ತಿ ಸಿಕ್ಕಿದೆ. ಎರಡನೆಯದರಿಂದ ಇನ್ನೂ ಸಿಕ್ಕಿಲ್ಲ, ಸಿಗುವ ಲಕ್ಷಣವೂ ಇಲ್ಲ. ಗದಗಿನಿಂದ ರಾತ್ರಿ ಹೊರಟ ಬಸ್ಸು ಬೆಳಗಿನ ಜಾವ ಕಾತ್ರಜ್ ಘಾಟ್ ಇಳಿಯುವಾಗ ಫೋನು ಬರುತ್ತದೆ: "ಬಂದ್ವಿ ನೋಡಪಾ, ಎಲ್ಲಿ ಇಳೀಬೇಕು?" ನಾನು ಸ್ವೆಟರ್ ಸಿಕ್ಕಿಸಿಕೊಂಡು ಸ್ವಾರಗೇಟಿಗೆ ಹೊರಡುತ್ತೇನೆ.

ಇಷ್ಟು ವರ್ಷಗಳಲ್ಲಿ ನನ್ನದೊಂದು ಪಟ್ಟಿ ತಯಾರಾಗಿತ್ತು. ದಗಡೂಶೇಟ್ ಗಣಪತಿ, ಶನಿವಾರವಾಡಾ, ಪರ್ವತಿ ಗುಡ್ಡ, ಸಿಂಹಗಡ. ಹೆಂಗಸರಿದ್ದರೆ ಲಕ್ಷ್ಮಿ ರಸ್ತೆಯ ಸೀರೆ ಅಂಗಡಿಗಳು. ಹೊರಡುವ ದಿನ ಎಲ್ಲರಿಗೂ ಭಾಕರವಡಿ. ಹಳೇ ಪೇಟೆಗಳನ್ನು ನಡೆದೇ ನೋಡಬೇಕು, ಕಾರು ತಂದರೆ ನಿಲ್ಲಿಸಲು ಜಾಗ ಹುಡುಕುವುದರಲ್ಲೇ ದಿನ ಮುಗಿಯುತ್ತದೆ. ಮಧ್ಯಾಹ್ನ ಒಂದರಿಂದ ನಾಲ್ಕು ಹಳೇ ಪುಣೆ ಮಲಗುವ ಹೊತ್ತು, ಆಗ ಯಾವ ಅಂಗಡಿಯ ಬಾಗಿಲನ್ನೂ ತಟ್ಟಬಾರದು. ಸಿಂಹಗಡದ ಮೇಲೆ ಪಿಠಲಂ-ಭಾಕರಿ ತಿನ್ನಲೇಬೇಕು. ತಿಂದ ಮೇಲೆ ನಮ್ಮ ಕಡೆಯವರು "ಅಯ್ಯ, ಇದು ನಮ್ಮ ಝುಣಕ-ರೊಟ್ಟಿನ ಹೌದಲ್ಲೋ" ಅನ್ನಲೇಬೇಕು. ಇದರಲ್ಲಿ ಎಂದೂ ವ್ಯತ್ಯಾಸವಾದದ್ದಿಲ್ಲ.

ಈ ಪಟ್ಟಿಯನ್ನು ಕೆಡಿಸಿದವರು ನಮ್ಮ ಕಾಕಾ. ನನ್ನ ತಂದೆಯ ತಮ್ಮ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವರು. ಚಾಲುಕ್ಯ ಅಂದರೆ ಸಾಕು, ಊಟ ತಣ್ಣಗಾದರೂ ಲಕ್ಷ್ಯ ಇರುವುದಿಲ್ಲ. ಅವರು ಮೊದಲು ಬರಬೇಕಾಗಿದ್ದದ್ದು 2022ರ ಡಿಸೆಂಬರಿನಲ್ಲಿ. ಟಿಕೆಟ್ಟೂ ಆಗಿತ್ತು. ಅದೇ ವಾರ ಗಡಿಯ ಗಲಾಟೆ ಎದ್ದಿತು. ಬೆಳಗಾವಿಯ ಹತ್ತಿರ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿದ್ದವು. ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಿತ್ತು. "ಈಗ ಬರಬ್ಯಾಡ್ರಿ ಕಾಕಾ" ಎಂದು ಫೋನಿನಲ್ಲಿ ಹೇಳುವಾಗ ನನಗೇ ಒಂಥರಾ ಆಯಿತು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಅಲ್ಲಲೇ ತಮ್ಮಾ, ಅಷ್ಟು ವರ್ಷ ಆತು ನೀ ಅಲ್ಲಿ ಇರಾಕತ್ತಿ. ನಿನ್ನ ಮನೀಗೆ ನಾ ಬರಬೇಕಂದ್ರ ಪ್ಯಾಪರ್ ನೋಡಿ ಬರಬೇಕೇನು?" ಎಂದರು. ನನ್ನ ಹತ್ತಿರ ಉತ್ತರವಿರಲಿಲ್ಲ.

ಆ ವರ್ಷ ನಾನು ಅಪ್ಪನ ಕಾರನ್ನು ಗದಗಿನಿಂದ ತಂದಿದ್ದೆ. ನಂಬರ್ ಪ್ಲೇಟಿನ ಮೇಲೆ ಕೆಎ 26. ಗಲಾಟೆಯ ಮರುದಿನ ಬೆಳಿಗ್ಗೆ ನಮ್ಮ ಪಕ್ಕದ ಮನೆಯ ಆಜೋಬಾ ಬಾಗಿಲು ಬಡಿದು, "ಕಾರು ರಸ್ತೆಯ ಮೇಲೆ ಬೇಡ, ನನ್ನ ಜಾಗದಲ್ಲಿ ಒಳಗೆ ನಿಲ್ಲಿಸು" ಎಂದರು. ತಮ್ಮ ಕಾರನ್ನು ತೆಗೆದು ಅದರ ಮುಂದೆ ಅಡ್ಡ ನಿಲ್ಲಿಸಿದರು. ಎಂಟು ದಿನ ಅದು ಹಾಗೇ ಇತ್ತು. ಈ ವಿಷಯದಲ್ಲಿ ಅವರು ಮತ್ತೊಂದು ಮಾತಾಡಲಿಲ್ಲ, ನಾನೂ ಆಡಲಿಲ್ಲ.

ಈ ಜಗಳದ ಬೇರು 1956ರ ರಾಜ್ಯ ಪುನರ್ವಿಂಗಡಣೆಯಲ್ಲಿದೆ ಎಂಬುದು ಓದುಗರಿಗೆ ಗೊತ್ತಿದ್ದದ್ದೇ. 1966ರಲ್ಲಿ ಮಹಾಜನ ಆಯೋಗ ನೇಮಕವಾಯಿತು, ಮರುವರ್ಷ ವರದಿ ಬಂತು, ಮಹಾರಾಷ್ಟ್ರ ಅದನ್ನು ಒಪ್ಪಲಿಲ್ಲ, 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಊರಿನಲ್ಲಿ ಕೂತವರಿಗೆ ಇದು ಸುದ್ದಿ. ನಮ್ಮಂಥವರಿಗೆ ಅದು ಕಾರನ್ನು ಎಲ್ಲಿ ನಿಲ್ಲಿಸಬೇಕೆಂಬ ಪ್ರಶ್ನೆ.

ಕಡೆಗೆ ಕಾಕಾ ಬಂದದ್ದು 2023ರ ಜೂನ್ ತಿಂಗಳಲ್ಲಿ. ಚಹಾ ಕುಡಿಯುತ್ತ ನಾನು ಪಟ್ಟಿ ಓದಿದೆ. ಪೂರ್ತಿ ಕೇಳಿಸಿಕೊಂಡು ಕೇಳಿದರು: "ಎಲ್ಲಾ ಖರೆ. ಆದ್ರ ಈ ಊರಾಗ ನಮ್ಮದು ಅಂತ ಏನರ ಐತೇನು?"

ಡಿಸೆಂಬರಿನ ಸಿಟ್ಟು ಆ ಪ್ರಶ್ನೆಯಲ್ಲಿತ್ತು, ನನಗೆ ಗೊತ್ತಾಯಿತು. ಅಷ್ಟರಲ್ಲಿ ಆಮ್ರಖಂಡದ ಬಟ್ಟಲು ಹಿಡಿದು ಆಜೋಬಾ ಒಳಗೆ ಬಂದರು. ಅವರು ಹುಟ್ಟಿ ಬೆಳೆದದ್ದು ಶನಿವಾರ ಪೇಟೆಯಲ್ಲಿ. ಇತಿಹಾಸದ ಪುಸ್ತಕ ಓದುವುದು ಅವರಿಗೆ ಚಟ. ನಾನು ಕಾಕಾ ಕೇಳಿದ್ದನ್ನು ಮರಾಠಿಯಲ್ಲಿ ಹೇಳಿದೆ. ಹೇಳಬಾರದಿತ್ತೇನೋ. ಆಜೋಬಾ ಕನ್ನಡಕ ಸರಿಮಾಡಿಕೊಂಡು, "ನಾಳೆ ನಾನೂ ಬರ್ತೇನೆ" ಎಂದರು. ಹೀಗೆ ನನ್ನ ಎರಡನೇ ಉದ್ಯೋಗವೂ ಎರಡು ದಿನ ಕೈತಪ್ಪಿತು. ನನಗೆ ಉಳಿದದ್ದು ದುಭಾಷಿಯ ಕೆಲಸ.

ಮೊದಲು ಹೋದದ್ದು ಜಂಗಲಿ ಮಹಾರಾಜ ರಸ್ತೆಯ ಪಾತಾಳೇಶ್ವರಕ್ಕೆ. ಪೇಟೆಯ ಗದ್ದಲದ ನಡುವೆ, ರಸ್ತೆಯ ಮಟ್ಟದಿಂದ ಕೆಳಗೆ, ಕರಿಗಲ್ಲಿನಲ್ಲಿ ಕೊರೆದ ಶಿವನ ಗುಡಿ. ಮುಂದೆ ಅಂಗಳದಲ್ಲಿ ದುಂಡನೆಯ ನಂದಿಮಂಟಪ, ದಪ್ಪ ಕಂಬಗಳ ಮೇಲೆ ಕಲ್ಲಿನ ಕೊಡೆ ಹಿಡಿದ ಹಾಗೆ. ಒಳಗೆ ಚೌಕದ ಕಂಬಗಳು, ಕೆತ್ತನೆ ಕಡಿಮೆ, ಕೆಲಸ ಅರ್ಧಕ್ಕೇ ನಿಂತದ್ದು ಕಾಣುತ್ತದೆ. ಎಂಟನೆಯ ಶತಮಾನದ್ದು, ರಾಷ್ಟ್ರಕೂಟರ ಕಾಲದ್ದು ಎನ್ನುತ್ತಾರೆ. ಈ ಊರಿನ ಹೆಸರು ಮೊದಲು ಕಾಣಿಸುವುದೂ ರಾಷ್ಟ್ರಕೂಟರ ತಾಮ್ರಪಟಗಳಲ್ಲಿಯೇ. ಕ್ರಿ.ಶ. 758ರದರಲ್ಲಿ ಪುಣ್ಯ ವಿಷಯ, 768ರದರಲ್ಲಿ ಪೂನಕ ವಿಷಯ ಎಂದಿದೆ. ವಿಷಯ ಅಂದರೆ ಆಗಿನ ಜಿಲ್ಲೆ ಅನ್ನಿ. ಆಗ ಆಳುತ್ತಿದ್ದವನು ಒಂದನೆಯ ಕೃಷ್ಣ, ಎಲ್ಲೋರದ ಕೈಲಾಸ ಕೊರೆಯಿಸಿದವನು.

ಕಾಕಾರ ಮುಖ ಅರಳಿತು. "ಕೈಲಾಸಕ್ಕ ಮಾದರಿ ಎಲ್ಲಿಂದ ಬಂತು? ನಮ್ಮ ಪಟ್ಟದಕಲ್ಲಿನ ವಿರೂಪಾಕ್ಷದಿಂದ. ಅವರ ವಂಶದ ನೃಪತುಂಗನ ಕಾಲಕ್ಕ ಕವಿರಾಜಮಾರ್ಗ ಆತು. ಅದರಾಗ ಕನ್ನಡ ನಾಡು ಅಂದ್ರ ಕಾವೇರಿಯಿಂದ ಗೋದಾವರಿ ಮಟ. ಈಗ ಹೇಳ್ರಿ, ಗೋದಾವರಿ ಪುಣೆಕ್ಕ ಯಾವ ದಿಕ್ಕಿನ್ಯಾಗ ಐತಿ?" ಉತ್ತರದಲ್ಲಿದೆ. ನಾಸಿಕದ ಕಡೆ. ನಾನು ಇದನ್ನು ಮರಾಠಿಗೆ ತಿರುಗಿಸುವಾಗ ದನಿ ತಗ್ಗಿಸಿದೆ, ಅಕ್ಕಪಕ್ಕ ಭಕ್ತರಿದ್ದರು.

ಆಜೋಬಾ ಸುಮ್ಮನಿರುವವರಲ್ಲ. ರಾಷ್ಟ್ರಕೂಟರ ಕಲ್ಲು ಈ ನೆಲದ್ದು, ಕೊರೆದ ಕೈ ಯಾವ ಭಾಷೆಯದೋ ಯಾರಿಗೆ ಗೊತ್ತು, ಅವರ ತಾಮ್ರಪಟಗಳಲ್ಲಿ ಸಂಸ್ಕೃತವೂ ಇದೆ ಕನ್ನಡವೂ ಇದೆ ಎಂದರು. ಆಗ ಮಹಾರಾಷ್ಟ್ರವೂ ಇರಲಿಲ್ಲ, ಕರ್ನಾಟಕ ಎಂಬ ರಾಜ್ಯವೂ ಇರಲಿಲ್ಲ, ಮಳಖೇಡದಲ್ಲಿ ಕೂತ ರಾಜನಿಗೆ ಪುಣೆಯೂ ಒಂದು ಹೋಬಳಿ, ಗದಗವೂ ಒಂದು ಹೋಬಳಿ ಎಂಬುದು ಅವರ ವಾದ. "ನಿಮ್ಮ ರಾಜ ಬಂದು ನಮ್ಮಲ್ಲಿ ಕಟ್ಟಿಸಿದ ಅಂತ ಯಾಕೆ ಅಂತೀರಿ? ನಮ್ಮಿಬ್ಬರ ಮೇಲೂ ಒಬ್ಬನೇ ತೆರಿಗೆ ಹಾಕಿದ ಅನ್ನಿ." ಕಾಕಾ ನಕ್ಕರು. ಒಪ್ಪಿದರೆಂದಲ್ಲ, ಮಾತು ಚೆನ್ನಾಗಿತ್ತೆಂದು.

ನದಿ ದಾಟಿ ಕಸಬಾ ಪೇಟೆಯ ಲಾಲ್ ಮಹಲಿಗೆ ಬಂದೆವು. ಈಗ ನಿಂತಿರುವುದು ನಗರಪಾಲಿಕೆ ಇತ್ತೀಚೆಗೆ ಕಟ್ಟಿಸಿದ ಕಟ್ಟಡ. ಮೂಲದ್ದು ಜೀಜಾಬಾಯಿ ಮತ್ತು ಬಾಲಕ ಶಿವಾಜಿಗಾಗಿ ಶಹಾಜಿ ಕಟ್ಟಿಸಿದ್ದು, ಅದು ಯಾವಾಗಲೋ ಹಾಳಾಯಿತು. 1663ರಲ್ಲಿ ಶಾಯಿಸ್ತಾಖಾನನ ಬೆರಳು ಕತ್ತರಿಸಿದ್ದು ಅದೇ ಮನೆಯಲ್ಲಿ. ಬಂದವರೆಲ್ಲ ಆ ಕತೆ ಕೇಳಿ ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಆದರೆ ನಮ್ಮ ನಾಡಿನವರು ಅಲ್ಲಿ ನೆನೆಯಬೇಕಾದದ್ದು ಶಹಾಜಿಯನ್ನು.

ಪುಣೆ ಶಹಾಜಿಯ ಜಹಗೀರು. ಅವನು ಬಿಜಾಪುರದ ಆದಿಲಶಾಹಿಯ ಸರದಾರ. 1638ರಲ್ಲಿ ರಣದುಲ್ಲಾಖಾನನ ಜೊತೆ ದಂಡಿನಲ್ಲಿ ಹೋಗಿ ಕೆಂಪೇಗೌಡರ ಮನೆತನದಿಂದ ಬೆಂಗಳೂರನ್ನು ತೆಗೆದುಕೊಂಡಾಗ ಅದೂ ಅವನ ಜಹಗೀರಾಯಿತು. ಅಂದರೆ ಇವತ್ತು ಸಾಫ್ಟ್‌ವೇರ್ ಹುಡುಗರು ಒಂದು ಕಡೆ ರಾಜೀನಾಮೆ ಕೊಟ್ಟು ಇನ್ನೊಂದು ಕಡೆ ಸೇರಿಕೊಳ್ಳುವ ಎರಡು ಊರುಗಳು ಒಂದು ಕಾಲಕ್ಕೆ ಒಬ್ಬನೇ ಜಹಗೀರದಾರನವು. ಅವನು ಇದ್ದದ್ದು ಬೆಂಗಳೂರಿನಲ್ಲಿ, ಪುಣೆಯ ಉಸ್ತುವಾರಿ ದಾದೋಜಿ ಕೊಂಡದೇವನದು. ಶಿವಾಜಿ ಹುಡುಗನಾಗಿದ್ದಾಗ ಸುಮಾರು ಎರಡು ವರ್ಷ ತಂದೆಯ ಹತ್ತಿರ ಬೆಂಗಳೂರಿನಲ್ಲಿದ್ದ. ಶಹಾಜಿ 1664ರಲ್ಲಿ ಬೇಟೆಯಾಡುವಾಗ ಕುದುರೆಯಿಂದ ಬಿದ್ದು ಸತ್ತದ್ದು ನಮ್ಮ ಚನ್ನಗಿರಿಯ ಹತ್ತಿರದ ಹೊದಿಗೆರೆಯಲ್ಲಿ. ಸಮಾಧಿ ಈಗಲೂ ಅಲ್ಲಿದೆ. ಆಜೋಬಾ ಅಲ್ಲಿಗೆ ಹೋಗಿ ಬಂದಿದ್ದರು! ನಾನು ಹೋಗಿಲ್ಲ, ಕಾಕಾರೂ ಹೋಗಿಲ್ಲ.

ಆಜೋಬಾ ಲಾಲ್ ಮಹಲಿನ ಮೆಟ್ಟಿಲ ಮೇಲೆ ಇನ್ನೊಂದು ಸಂಗತಿ ಹೇಳಿದರು. ಶಹಾಜಿ ಬಿಜಾಪುರದ ವಿರುದ್ಧ ನಿಂತಿದ್ದ ಕಾಲದಲ್ಲಿ, 1630ರ ಸುಮಾರಿಗೆ, ಬಿಜಾಪುರದ ಮುರಾರ ಜಗದೇವ ದಂಡು ತಂದು ಪುಣೆಯನ್ನು ಸುಟ್ಟ. ಊರಿನ ಗೋಡೆ ಕೆಡವಿ, ಕತ್ತೆಗಳಿಂದ ನೇಗಿಲು ಹೂಡಿಸಿದ. ಈ ನೆಲದಲ್ಲಿ ಇನ್ನು ಯಾರೂ ವಾಸಿಸಬಾರದು ಎಂಬುದಕ್ಕೆ ಅದು ಗುರುತು. ಆಮೇಲೆ ಜೀಜಾಬಾಯಿಯ ಕಾಲದಲ್ಲಿ ಅದೇ ನೆಲಕ್ಕೆ ಬಂಗಾರದ ನೇಗಿಲು ಹೂಡಿಸಿ ಊರನ್ನು ಮತ್ತೆ ಎಬ್ಬಿಸಿದರೆಂದು ಪುಣೆಯವರು ಹೇಳುತ್ತಾರೆ. "ಬಿಜಾಪುರ ಈಗ ನಿಮ್ಮಲ್ಲೇ ಅಲ್ಲವೆ?" ಎಂದರು ಆಜೋಬಾ, ನಗುತ್ತಲೇ.

ಕಾಕಾ ನಗಲಿಲ್ಲ. "ನಮ್ಮಲ್ಲೇ" ಎಂದರು.

ಅಲ್ಲಿಂದ ಶನಿವಾರವಾಡಾ ಕೂಗಳತೆಯ ದೂರ. ಮೊದಲನೆಯ ಬಾಜೀರಾಯ 1730ರಲ್ಲಿ ಅಡಿಪಾಯ ಹಾಕಿ 1732ರಲ್ಲಿ ಗೃಹಪ್ರವೇಶ ಮಾಡಿದ. ಖರ್ಚು 16,110 ರೂಪಾಯಿ ಎಂದು ಲೆಕ್ಕ. 1828ರ ಬೆಂಕಿಯಲ್ಲಿ ಒಳಗಿನದೆಲ್ಲ ಸುಟ್ಟು ಹೋಯಿತು. ಉಳಿದದ್ದು ಕೋಟೆಯ ಗೋಡೆ, ಮೊಳೆ ಬಡಿದ ದಿಲ್ಲಿ ದರವಾಜಾ, ಅದರ ಮೇಲಿನ ನಗಾರಖಾನೆ, ಕಾರಂಜಿಯ ಹೊಂಡ, ಹುಲ್ಲು. ಗೈಡುಗಳಿಗೆ ಅಲ್ಲಿ ಒಂದೇ ಕತೆ. 1773ರಲ್ಲಿ ಗಾರ್ದಿಗಳು ಎಳೆಯ ಪೇಶ್ವೆ ನಾರಾಯಣರಾಯನನ್ನು ಅಟ್ಟಿಸಿಕೊಂಡು ಬಂದು ಕೊಂದದ್ದು. ಅವನು ಚಿಕ್ಕಪ್ಪ ರಾಘೋಬನ ಕಡೆ ಓಡುತ್ತ "ಕಾಕಾ, ಮಲಾ ವಾಚವಾ" ಎಂದು ಕೂಗಿದನಂತೆ, ಕಾಕಾ ನನ್ನನ್ನು ಉಳಿಸು ಅಂತ. ಹುಣ್ಣಿಮೆಯ ರಾತ್ರಿ ಆ ಕೂಗು ಈಗಲೂ ಕೇಳುತ್ತದೆ ಎನ್ನುವವರಿದ್ದಾರೆ. ನಮ್ಮ ಕಾಕಾರನ್ನು ಕರೆದುಕೊಂಡು ಹೋಗಿ ಈ ಕತೆ ಹೇಳುವುದು ನನಗೆ ಮುಜುಗರ. ಅವರೇ ಬೆನ್ನು ತಟ್ಟಿ, "ಅಂಜಬ್ಯಾಡೋ, ನಾ ಆ ಕಾಕಾ ಅಲ್ಲ" ಎಂದರು.

ಆದರೆ ಅವರ ಮನಸ್ಸು ಬೇರೆ ಕಡೆ ಇತ್ತು. ಹುಲ್ಲಿನ ಮೇಲೆ ಕೂತು ಆಜೋಬಾರನ್ನು ಕೇಳಿದರು, ನಾನು ಮರಾಠಿಯಲ್ಲಿ ಹೇಳಿದೆ: ಈ ವಾಡೆಯ ವೈಭವಕ್ಕೆ ನಮ್ಮ ಕಡೆಯ ರೊಕ್ಕ ಎಷ್ಟು ಬಂತು? ಮಾಧವರಾಯ ಪೇಶ್ವೆ ಹೈದರನ ಮೇಲೆ ವರ್ಷ ವರ್ಷ ಕರ್ನಾಟಕಕ್ಕೆ ದಂಡೆತ್ತಿ ಬಂದ. ಪ್ರತಿ ಸಲ ಖಂಡಣಿ. 1790ರ ಮಳೆಗಾಲ ಮುಗಿದ ಮೇಲೆ ಪರಶುರಾಮ ಭಾವು ಪಟವರ್ಧನ ಧಾರವಾಡದ ಕೋಟೆಗೆ ಮುತ್ತಿಗೆ ಹಾಕಿದ. ಟಿಪ್ಪುವಿನ ಕಿಲ್ಲೇದಾರ ಬದ್ರುಜ್ಜಮಾನಖಾನ 1791ರ ಏಪ್ರಿಲಿನವರೆಗೆ ಕೋಟೆ ಬಿಡಲಿಲ್ಲ. ಅದೇ ವರ್ಷ ಪಟವರ್ಧನರ ದಂಡಿನವರು ಶೃಂಗೇರಿಗೆ ನುಗ್ಗಿ ಮಠವನ್ನು ಲೂಟಿ ಮಾಡಿದರು. ಶಾರದಾ ವಿಗ್ರಹಕ್ಕೂ ಧಕ್ಕೆಯಾಯಿತು. ಸ್ವಾಮಿಗಳು ನೆರವು ಕೇಳಿದ್ದು ಟಿಪ್ಪುವನ್ನು. ಅವನು ಮೂರ್ತಿಯ ಪ್ರತಿಷ್ಠೆಗೆ ಹಣ ಕಳಿಸಿದ. ಅವನು ಮಠಕ್ಕೆ ಬರೆದ ಕನ್ನಡದ ಕಾಗದಗಳು 1916ರಲ್ಲಿ ಮೈಸೂರಿನ ಪ್ರಾಕ್ತನ ಇಲಾಖೆಯ ಆರ್. ನರಸಿಂಹಾಚಾರ್ಯರಿಗೆ ಸಿಕ್ಕವು.

ಇಷ್ಟನ್ನೂ ಮರಾಠಿಗೆ ಹೇಳುವಷ್ಟರಲ್ಲಿ ನನ್ನ ಬಾಯಿ ಒಣಗಿತ್ತು. ಇದು ಜಗಳಕ್ಕೆ ಹೋಗುತ್ತದೆ ಎಂದೇ ಎಣಿಸಿದ್ದೆ. ಇತಿಹಾಸದ ಮಾತಿಗೆ ಈ ಊರಿನಲ್ಲಿ ಏನೇನಾಗಿದೆ ನನಗೆ ಗೊತ್ತು. 2004ರ ಜನವರಿಯಲ್ಲಿ ಶಿವಾಜಿಯ ಬಗ್ಗೆ ವಿದೇಶದ ಲೇಖಕನೊಬ್ಬ ಬರೆದ ಪುಸ್ತಕದ ಸಿಟ್ಟಿಗೆ ಭಾಂಡಾರಕರ್ ಸಂಸ್ಥೆಗೇ ಗುಂಪು ನುಗ್ಗಿತ್ತು. ಮಹಾಭಾರತದ ಸಂಶೋಧಿತ ಆವೃತ್ತಿಯನ್ನು ಸುಮಾರು 50 ವರ್ಷ ಕೂತು ಸಿದ್ಧಪಡಿಸಿದ ಸಂಸ್ಥೆ ಅದು. ಆ ದಿನ ಪುಸ್ತಕಗಳನ್ನು, ಹಸ್ತಪ್ರತಿಗಳನ್ನು ನೆಲಕ್ಕೆ ಚೆಲ್ಲಿದ್ದರು.

ಆಜೋಬಾ ಹುಲ್ಲಿನ ಎಸಳು ಕಿತ್ತುಕೊಂಡು ಕೂತಿದ್ದರು. ಆಮೇಲೆ ಸಣ್ಣಗೆ, "ಲೂಟ್ ತೀ ಲೂಟಚ್" ಎಂದರು. ಲೂಟಿ ಅಂದರೆ ಲೂಟಿಯೇ. ಶಾಲೆಯಲ್ಲಿ ನಮಗೆ ಅಟಕಿನವರೆಗೆ ಹೋದ ಝೇಂಡಾ ಕಲಿಸಿದರು, ಶೃಂಗೇರಿ ಕಲಿಸಲಿಲ್ಲ, ಎಂದರು.

ಕಾಕಾರಿಗೆ ನಾನು ತಿರುಗಿಸಿ ಹೇಳುವ ಮೊದಲೇ ಅರ್ಥವಾಗಿತ್ತು. "ಪುಣೆಕ್ಕ ಕತ್ತೆ ಹೂಡಿದ್ದನ್ನ ನಾನೂ ಮೂವತ್ತು ವರ್ಷದಾಗ ಒಬ್ಬ ಹುಡುಗಗೂ ಕಲಿಸಲಿಲ್ಲ" ಎಂದರು. ನಾನು ಇದನ್ನು ಮರಾಠಿಯಲ್ಲಿ ಹೇಳಿದೆ. ಆಮೇಲೆ ಮೂವರೂ ಎದ್ದು ಕಬ್ಬಿನ ಹಾಲು ಕುಡಿದೆವು. ದುಡ್ಡು ಕೊಡಲು ಇಬ್ಬರೂ ಜಗಳಾಡಿದರು, ಆ ದಿನದ ದೊಡ್ಡ ಜಗಳ ಅದೇ.

ಮರುದಿನ ಫರ್ಗ್ಯೂಸನ್ ಕಾಲೇಜು ರಸ್ತೆ. ಇಲ್ಲಿ ತೋರಿಸುವ ಸರದಿ ನನ್ನದು. 1817ರ ಜೂನಿನ ಪುಣೆ ಒಪ್ಪಂದದಲ್ಲಿ ಪೇಶ್ವೆ ಧಾರವಾಡ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ, ಮರುವರ್ಷ ಪೇಶ್ವಾಯಿಯೇ ಮುಗಿಯಿತು. ಇಂಗ್ಲಿಷರು ನಮ್ಮ ಭಾಗವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿ ದಕ್ಷಿಣ ಮರಾಠಾ ದೇಶ ಎಂದು ಕರೆದರು. ಗದಗಿನ ಮೇಲೆ ಹಾದುಹೋದ ರೈಲಿನ ಕಂಪನಿಯ ಹೆಸರೂ ಸದರ್ನ್ ಮರಾಠಾ ರೈಲ್ವೆ. ಕನ್ನಡ ಹುಡುಗರು ಮರಾಠಿ ಶಾಲೆಗೆ ಹೋಗುತ್ತಿದ್ದರು. ಡೆಪ್ಯುಟಿ ಚನ್ನಬಸಪ್ಪನವರಂಥವರು 1860ರ ದಶಕದಲ್ಲಿ ಹೆಣಗಿ ಕನ್ನಡ ಶಾಲೆಗಳನ್ನು ಎಬ್ಬಿಸಬೇಕಾಯಿತು. ಧಾರವಾಡಕ್ಕೆ ಕರ್ನಾಟಕ ಕಾಲೇಜು ಬಂದದ್ದು 1917ರಲ್ಲಿ. ಅಲ್ಲಿಯವರೆಗೆ ಬಿ.ಎ. ಓದಬೇಕೆಂದರೆ ನಮ್ಮ ಹುಡುಗರು ಗಂಟು ಕಟ್ಟಿಕೊಂಡು ಪುಣೆಗೋ ಮುಂಬಯಿಗೋ ಬರಬೇಕು.

ಹಾಗೆ ಗಂಟು ಕಟ್ಟಿಕೊಂಡು ಬಂದವರಲ್ಲಿ ವಿಜಾಪುರದಲ್ಲಿ ಹುಟ್ಟಿದ ಆಲೂರ ವೆಂಕಟರಾಯರೂ ಒಬ್ಬರು. 1885ರಲ್ಲಿ ಶುರುವಾದ ಫರ್ಗ್ಯೂಸನ್‌ನಲ್ಲಿ ಓದಿ 1903ರಲ್ಲಿ ಬಿ.ಎ. ಮಾಡಿದರು. ಆಗ ಪುಣೆ ಅಂದರೆ ಟಿಳಕರು, ಕೇಸರಿ ಪತ್ರಿಕೆ, ಗಣೇಶೋತ್ಸವ, ಶಿವಾಜಿ ಉತ್ಸವ. ಮರಾಠಿಗರು ತಮ್ಮ ಇತಿಹಾಸವನ್ನು ಕಾಗದ ಕಾಗದ ಹುಡುಕಿ ಅಚ್ಚು ಹಾಕುತ್ತಿದ್ದ ಕಾಲ. ಅದನ್ನೆಲ್ಲ ಕಣ್ಣಾರೆ ಕಂಡ ಹುಡುಗ ಊರಿಗೆ ಮರಳಿದ ಮೇಲೆ ನಮ್ಮದೂ ಒಂದು ಇತಿಹಾಸವಿದೆಯಲ್ಲ, ಅದನ್ನು ಯಾರು ಹೇಳಬೇಕು ಎಂದು ಹೊರಟರು. 1917ರಲ್ಲಿ 'ಕರ್ನಾಟಕ ಗತವೈಭವ' ಬಂತು. ಹರಿದು ಹಂಚಿಹೋಗಿದ್ದ ಕನ್ನಡಿಗರಿಗೆ ನಾವೆಲ್ಲ ಒಂದು ಎಂದು ಮೊದಲು ಗಟ್ಟಿಯಾಗಿ ಹೇಳಿದ ಪುಸ್ತಕಗಳಲ್ಲಿ ಅದೊಂದು. ಟಿಳಕರ 'ಗೀತಾರಹಸ್ಯ'ವನ್ನು ಕನ್ನಡಕ್ಕೆ ತಂದವರೂ ಅವರೇ. ಮರಾಠಿಯವರಿಂದ ಕಲಿತರು, ಕನ್ನಡಕ್ಕೆ ದುಡಿದರು. ಅದರಲ್ಲಿ ಅವರಿಗೆ ವಿರೋಧ ಕಾಣಲಿಲ್ಲ.

ಬೇಂದ್ರೆಯವರೂ ಇದೇ ಕಾಲೇಜಿನವರು. 1918ರಲ್ಲಿ ಬಿ.ಎ. ಆದರು. ಅವರ ಮನೆಮಾತು ಮರಾಠಿ, ಊರು ಧಾರವಾಡ. ಓದಲು ಬಂದದ್ದು ಮರಾಠಿಯ ರಾಜಧಾನಿಗೆ, ಆದದ್ದು ಕನ್ನಡದ ವರಕವಿ. ನಾನು ಕಾಲೇಜಿನ ಗೇಟಿನ ಹತ್ತಿರ ನಿಂತು ಕಾಕಾರಿಗೆ ಹೇಳಿದೆ: "ನಿನ್ನೆ ನೀವು ಕೇಳಿದ್ರಲ್ಲ, ಈ ಊರಾಗ ನಮ್ಮದು ಏನೈತಿ ಅಂತ. ನಮ್ಮದು ಅನ್ನೋ ಮಾತನ್ನ ಆಲೂರರು ಕಲಿತದ್ದ ಇಲ್ಲಿ." ಕಾಕಾ ಉತ್ತರ ಕೊಡಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕೇನೋ ಎಂಬಂತೆ ಒಂದು ಗಳಿಗೆ ಗೇಟಿನ ಮುಂದೆ ನಿಂತರು.

ಪುಣೆಗೆ ಬಂದು ಉಳಿದವರ ಕತೆ ಇನ್ನೂ ಇದೆ. ಕೋಲಾರ ಜಿಲ್ಲೆಯ ಬೆಳ್ಳೂರಿನಿಂದ ಬಂದ ಹುಡುಗ ಬಿ.ಕೆ.ಎಸ್. ಅಯ್ಯಂಗಾರರು 1937ರಲ್ಲಿ ಆರು ತಿಂಗಳ ಮಟ್ಟಿಗೆ ಯೋಗ ಕಲಿಸಲು ಡೆಕ್ಕನ್ ಜಿಮಖಾನಾಕ್ಕೆ ಬಂದರು. ವಯಸ್ಸು ಹತ್ತೊಂಬತ್ತೂ ತುಂಬಿರಲಿಲ್ಲ, ಮರಾಠಿ ಬರುತ್ತಿರಲಿಲ್ಲ. ಆ ಆರು ತಿಂಗಳು 2014ರಲ್ಲಿ ತೀರಿಕೊಳ್ಳುವವರೆಗೂ ಮುಗಿಯಲಿಲ್ಲ. ಕುಂದಗೋಳದ ರಾಮಭಾವು ಮರಾಠಿ ರಂಗಭೂಮಿಯಲ್ಲಿ ಸವಾಯಿ ಗಂಧರ್ವರೆನಿಸಿ 1952ರಲ್ಲಿ ಪುಣೆಯಲ್ಲೇ ಕಣ್ಣು ಮುಚ್ಚಿದರು. ಮರುವರ್ಷ ಅವರ ನೆನಪಿಗೆ ಸಂಗೀತ ಮಹೋತ್ಸವ ಆರಂಭವಾಯಿತು. ಅದನ್ನು ಬೆಳೆಸಿದವರು ಅವರ ಶಿಷ್ಯ, ನಮ್ಮ ಗದಗಿನ ಭೀಮಸೇನ ಜೋಶಿ. ಹನ್ನೊಂದನೇ ವಯಸ್ಸಿಗೆ ಹಾಡು ಕಲಿಯಲು ಮನೆ ಬಿಟ್ಟು ಓಡಿದ ಹುಡುಗ. 2011ರ ಜನವರಿಯಲ್ಲಿ ಅವರು ತೀರಿಕೊಂಡಾಗ ಪುಣೆಯವರು ತಮ್ಮ ಮನೆಯವರನ್ನು ಕಳೆದುಕೊಂಡಂತೆ ಅತ್ತರು. ನಾನು ನೋಡಿದ್ದೇನೆ. ಮರಾಠಿಯ ಅಭಂಗವನ್ನೂ ಕನ್ನಡದ ದಾಸರ ಪದವನ್ನೂ ಅದೇ ದನಿಯಲ್ಲಿ ಹಾಡಿದವರನ್ನು ಯಾವ ಆಯೋಗ ಯಾವ ಕಡೆಗೆ ಹಾಕಬೇಕು?

ಹೊಟ್ಟೆಯ ಇತಿಹಾಸವೂ ಇದೇ ರಸ್ತೆಯಲ್ಲಿದೆ. ಕಾರ್ಕಳದ ಕಡೆಯಿಂದ ಹೊಟ್ಟೆಪಾಡಿಗೆ ಹೊರಟ ಹುಡುಗ ಜಗನ್ನಾಥ ಶೆಟ್ಟಿ 1950ರ ದಶಕದ ಆರಂಭದಲ್ಲಿ ಇಲ್ಲಿ ಹೋಟೆಲು ಶುರುಮಾಡಿದರು. ರೂಪಾಲಿ, ವೈಶಾಲಿ ಎಂದರೆ ಪುಣೆಯ ಕಾಲೇಜು ಹುಡುಗರ ತಲೆಮಾರುಗಳೇ ಅಲ್ಲಿ ಕಾಫಿ ಕುಡಿದು ಬೆಳೆದಿವೆ. ನಾವು ಹೋದ ವರ್ಷ ಶೆಟ್ಟರು ಇದ್ದರು, ಆ ನವೆಂಬರಿನಲ್ಲಿ ತೀರಿಕೊಂಡರು. ವೈಶಾಲಿಯಲ್ಲಿ ಜಾಗಕ್ಕಾಗಿ ನಿಂತು ಕಾಯಬೇಕು, ಅದೂ ನೋಡುವ ಸಂಗತಿಯೇ. ಕಾಕಾ ಇಡ್ಲಿ ತಿಂದು, ಸಾಂಬಾರು ಸ್ವಲ್ಪ ಸಿಹಿಯಾತು ಎಂದರು. ಪುಣೆಯ ನಾಲಿಗೆಗೆ ತಕ್ಕ ಹಾಗೆ ಉಡುಪಿಯೂ ಬೆಲ್ಲ ಹಾಕಿಕೊಂಡಿದೆ. ನಮಗೂ ಅಷ್ಟೇ. ನನ್ನ ಮಕ್ಕಳು ಕನ್ನಡದ ನಡುವೆ "ಅರೇ ಬಾಪರೇ" ಅನ್ನುತ್ತಾರೆ. ಊರಿಗೆ ಹೋದರೆ ನಮ್ಮನ್ನು ಪುಣೆಯವರು ಅನ್ನುತ್ತಾರೆ, ಇಲ್ಲಿ ಕಾನಡಿ ಅನ್ನುತ್ತಾರೆ. ಕನ್ನಡ ಸಂಘ ನಡೆಸುವ, ಡಾ. ಕಲ್ಮಾಡಿ ಶಾಮರಾಯರ ಹೆಸರಿನ ಶಾಲೆಯೂ ಇದೇ ಊರಿನಲ್ಲಿದೆ. ಹೊರಗೆ ಮರಾಠಿ, ಒಳಗೆ ಕನ್ನಡದ ಅಕ್ಷರಮಾಲೆ.

ಹೋಟೆಲಿನಿಂದ ಹೊರಗೆ ಬಂದರೆ ರಸ್ತೆಯಲ್ಲಿ ಬಂಡಿಗಳೇ ಇಲ್ಲ. ಅವತ್ತು ಪಾಲಖಿ ಬರುವ ದಿನ. ಆಳಂದಿಯಿಂದ ಜ್ಞಾನೇಶ್ವರರ ಪಾದುಕೆ, ದೇಹೂವಿನಿಂದ ತುಕಾರಾಮರ ಪಾದುಕೆ ಹೊತ್ತು ಪಂಢರಪುರಕ್ಕೆ ನಡೆದು ಹೋಗುವ ವಾರಕರಿಗಳು ಪುಣೆಯಲ್ಲಿ ಎರಡು ರಾತ್ರಿ ತಂಗುತ್ತಾರೆ. ಜ್ಞಾನೇಶ್ವರರ ಪಾಲಖಿ ಭವಾನಿ ಪೇಟೆಯಲ್ಲಿ, ತುಕಾರಾಮರದು ನಾನಾ ಪೇಟೆಯ ನಿವಡುಂಗ್ಯಾ ವಿಠೋಬನ ಗುಡಿಯಲ್ಲಿ. ಬರುವ ದಾರಿ ಇದೇ ಫರ್ಗ್ಯೂಸನ್ ರಸ್ತೆ. ಬಿಳಿ ಟೋಪಿ, ಕೇಸರಿ ಪತಾಕೆ, ತಾಳ, ತಲೆಯ ಮೇಲೆ ತುಳಸಿ ಕಟ್ಟೆ ಹೊತ್ತ ಹೆಂಗಸರು. ಮೊದಲ ಮಳೆಯ ಮೋಡ ಕವಿದಿತ್ತು.

ಜನ ನೀರು, ಬಾಳೆಹಣ್ಣು ಹಂಚುತ್ತಿದ್ದರು. ಕಾಕಾರೂ ಒಂದು ಬಾಟಲಿ ಹಿಡಿದು ನಿಂತರು. ಮಣ್ಣುಗಾಲಿನ ಒಬ್ಬ ಮುದುಕಿ ನೀರು ಕುಡಿದು ಬಾಟಲಿ ಮರಳಿಸಿ, ಬಗ್ಗಿ ಕಾಕಾರ ಕಾಲು ಮುಟ್ಟಿ "ಮಾವುಲೀ" ಎಂದು ಮುಂದೆ ನಡೆದಳು. ವಾರಕರಿಗಳು ಒಬ್ಬರಿಗೊಬ್ಬರು ಹಾಗೆಯೇ ನಮಿಸುವುದು. ಕಾಕಾ ಗಾಬರಿಯಾಗಿ, "ಏನಂದಳೋ ಆಕಿ?" ಎಂದರು.

"ತಾಯಿ ಅಂದ್ರು ಕಾಕಾ."

ಆಜೋಬಾ ನನ್ನ ಭುಜ ಹಿಡಿದು, ಇದನ್ನು ಅವರಿಗೆ ಹೇಳು ಎಂದರು: ಇವರೆಲ್ಲ ನೋಡಲು ಹೊರಟ ವಿಠ್ಠಲನನ್ನು ನಮ್ಮ ಜ್ಞಾನೇಶ್ವರರೇ ತಮ್ಮ ಅಭಂಗದಲ್ಲಿ ಕಾನಡಾ ಎಂದು ಕರೆದಿದ್ದಾರೆ, ಕರ್ನಾಟಕದವನು ಎಂದಿದ್ದಾರೆ. ನಾನು ಹೇಳಿದೆ. ಕಾಕಾರಿಗೆ ಅದು ಮೊದಲೇ ಗೊತ್ತಿತ್ತು. ಪುರಂದರದಾಸರೂ ಅವನ ಹೆಸರಿನ ಅಂಕಿತದಲ್ಲೇ ಹಾಡಿದರು ಎಂಬುದು ಆಜೋಬಾರಿಗೂ ಗೊತ್ತಿತ್ತು. ಆದರೂ ಹೇಳಿಕೊಂಡರು.

ಮೂರನೇ ರಾತ್ರಿ ಸ್ವಾರಗೇಟಿನಲ್ಲಿ ಬಸ್ಸು. ಮುಂದೆ ಕನ್ನಡದ ಬೋರ್ಡು, ಗಾಜು ತೊಳೆದು ಸ್ವಚ್ಛವಿತ್ತು. ಕಾಕಾ ಹತ್ತುವ ಮೊದಲು ಒಮ್ಮೆ ಬೋರ್ಡನ್ನು ನೋಡಿದರು, ನಾನೂ ನೋಡಿದೆ. ಆಜೋಬಾ ಭಾಕರವಡಿಯ ಪೊಟ್ಟಣ ಹಿಡಿದು ಅಲ್ಲಿಗೂ ಬಂದಿದ್ದರು. ಕಾಕಾ ತಮ್ಮ ಹರುಕು ಹಿಂದಿಯಲ್ಲಿ, ನೀವು ಗದಗಿಗೆ ಬರಬೇಕು, ನಾನು ಎಲ್ಲಾ ತೋರಿಸುತ್ತೇನೆ, ತ್ರಿಕೂಟೇಶ್ವರ, ವೀರನಾರಾಯಣ, ಲಕ್ಕುಂಡಿ ಎಂದರು.

ಆಜೋಬಾ ಕಣ್ಣಲ್ಲಿ ತುಂಟ ನಗೆ ತಂದುಕೊಂಡು ಕೇಳಿದರು: "ತಿಥೇ ಆಮಚಂ ಕಾಯ್ ಆಹೇ?" ಅಲ್ಲಿ ನಮ್ಮದು ಏನಿದೆ?

ಇದನ್ನು ತಿರುಗಿಸಿ ಹೇಳುವ ಅಗತ್ಯ ಬೀಳಲಿಲ್ಲ. ಕಂಡಕ್ಟರ್ ಸೀಟಿ ಊದುತ್ತಿದ್ದ. ಕಾಕಾ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಈ ಸಲ ಹಿಂದಿ ಬಿಟ್ಟು ಕನ್ನಡದಲ್ಲೇ ಹೇಳಿದರು. "ನರಗುಂದಕ್ಕ ಕರಕೊಂಡ ಹೋಗ್ತೀನಿ. ಬಾಬಾಸಾಹೇಬ ಭಾವೆ, ನಿಮ್ಮ ಮಂದಿ. 1858ರಾಗ ಇಂಗ್ರೇಜಿಯವರ ಮ್ಯಾಲೆ ಎದ್ದ, ಬೆಳಗಾವ್ಯಾಗ ಗಲ್ಲಿಗೇರಿಸಿದ್ರು. ನಮ್ಮ ಸಾಲ್ಯಾಗ ಅವನ್ನ ಕಲಿಸ್ತೀವಿ, ನಮ್ಮವ ಅಂತ."

ಬಸ್ಸು ಹೊರಟ ಮೇಲೆ ಆಜೋಬಾರಿಗೆ ಅದನ್ನು ಮರಾಠಿಯಲ್ಲಿ ಹೇಳಿದೆ. "ನರಗುಂದ" ಎಂದು ಎರಡು ಸಲ ಅಂದುಕೊಂಡರು, ಹೆಸರು ಮರೆಯಬಾರದೆಂಬ ಹಾಗೆ. ಮನೆಗೆ ಬರುವಾಗ ಕಾರಿನಲ್ಲಿ, ಅಂದರೆ ಆ ಕೆಎ 26ರಲ್ಲಿ, ಗದಗಿಗೆ ಬಸ್ಸು ಎಷ್ಟು ಗಂಟೆಗೆ, ಅಲ್ಲಿ ಮಧ್ಯಾಹ್ನ ಅಂಗಡಿ ತೆರೆದಿರುತ್ತವೆಯೆ ಎಂದು ಕೇಳತೊಡಗಿದರು.